ಹದಿನಾರಾಣೆ ನೋವು: ಒಂದು ಮನೆ, ಮೂರು ಔಷಧಿ, ಒಂದು ಲೆಕ್ಕದ ಪುಸ್ತಕ

ಮನೆಯವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಊರು, ವಯಸ್ಸು, ಸಂಬಂಧಗಳ ಕೆಲವು ವಿವರಗಳನ್ನು ಬದಲಿಸಿದ್ದೇನೆ. ರೋಗಿಯನ್ನು ಗೌರಮ್ಮ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಔಷಧಿಗಳ ಹೆಸರು, ಅವುಗಳ ಪ್ರಮಾಣ ಮತ್ತು ನಾನು ಮಾಡಿದ ತಪ್ಪುಗಳನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೇನೆ.

ಹಿನ್ನೆಲೆ

ಗೌರಮ್ಮನವರಿಗೆ 66 ವರ್ಷ. ಮಲೆನಾಡಿನ ಅಡಿಕೆ ತೋಟದ ಮನೆ. ಹದಿಹರೆಯದಿಂದಲೇ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿತ್ತು. ಎಡಗೆನ್ನೆಯ ಒಳಗೆ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ದೊಡ್ಡ ಊರಿನಲ್ಲಿ ಶಸ್ತ್ರಚಿಕಿತ್ಸೆಯೂ ವಿಕಿರಣ ಚಿಕಿತ್ಸೆಯೂ ಆದವು. ಹದಿನಾಲ್ಕು ತಿಂಗಳ ನಂತರ ರೋಗ ಮರಳಿ ದವಡೆಯ ಮೂಳೆಗೆ ಇಳಿದಿತ್ತು. ಇನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ, ನೋವು ಕಡಿಮೆ ಮಾಡಬಹುದು ಎಂದು ಹೇಳಿ ಅಲ್ಲಿನ ವೈದ್ಯರು ಊರಿಗೆ ಕಳಿಸಿದ್ದರು. ನಾನು ವೈದ್ಯನಾಗಿ ಕೆಲಸ ಮಾಡುವುದು ಊರಿನ ಹತ್ತಿರದ ಒಂದು ಸಣ್ಣ ಉಪಶಾಮಕ ಆರೈಕೆ ಘಟಕದಲ್ಲಿ, ಗುಣವಾಗದ ರೋಗಿಗಳ ನೋವು ನೋಡಿಕೊಳ್ಳುವ ಕಡೆ. ಅವರ ಹೆಸರು ನಮ್ಮ ಪಟ್ಟಿಗೆ ಸೇರಿದ್ದು ಆಗ.

ಮನೆಯಲ್ಲಿ ಯಜಮಾನರಿಗೆ 72 ವರ್ಷ. ಕಿರಿಮಗ ತೋಟ ನೋಡಿಕೊಳ್ಳುತ್ತಾನೆ. ಅವನ ಹೆಂಡತಿಯೇ ಅತ್ತೆಯ ಆರೈಕೆಯನ್ನೆಲ್ಲ ಹೊತ್ತವಳು. ಹಿರಿಮಗ ಅಮೆರಿಕದ ಓಹಾಯೋ ರಾಜ್ಯದಲ್ಲಿ ಹದಿನೈದು ವರ್ಷಗಳಿಂದ ಇದ್ದಾನೆ. ಈ ಕೊನೆಯ ವಿವರವನ್ನು ನಾನು ಮೊದಲ ಭೇಟಿಯಲ್ಲಿ ಕಡತದ ಮೂಲೆಯಲ್ಲಿ ಬರೆದುಕೊಂಡು ಮರೆತುಬಿಟ್ಟೆ. ಮರೆಯಬಾರದಿತ್ತು.

ಮೊದಲ ಭೇಟಿಯಲ್ಲಿ ನೋವನ್ನು ಅಳೆಯಲು ನಾವು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಗೌರಮ್ಮ ಸ್ವಲ್ಪ ಹೊತ್ತು ಯೋಚಿಸಿ, ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತಿದ್ದರೂ ಸ್ಪಷ್ಟವಾಗಿ ಹೇಳಿದರು: "ಹತ್ತರ ಲೆಕ್ಕ ನನಗೆ ಬರುವುದಿಲ್ಲ. ರೂಪಾಯಿಗೆ ಹದಿನಾರಾಣೆ ಎಂದರೆ, ಇದು ಹದಿನಾಲ್ಕಾಣೆ." ಅಂದಿನಿಂದ ಅವರ ನೋವನ್ನು ನಾವು ಆಣೆಯಲ್ಲೇ ಬರೆದೆವು.

ಚೀಲದೊಳಗಿನ ಸ್ಟ್ರಿಪ್‌ಗಳು

ಎರಡನೆಯ ಭೇಟಿ ನಿಗದಿಯಾಗುವ ಮೊದಲೇ ಒಂದು ಬೆಳಗಿನ ಜಾವ ಅವರಿಗೆ ಫಿಟ್ಸ್ ಬಂತು. ರೋಗ ಮೆದುಳಿಗೆ ಹೋಗಿದೆ ಎಂದು ಎಲ್ಲರೂ ನಂಬಿದರು. ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನ್‌ನಲ್ಲಿ ಮೆದುಳು ಚೆನ್ನಾಗಿಯೇ ಇತ್ತು.

ಕಾರಣ ಸಿಕ್ಕಿದ್ದು ಸೊಸೆ ತಂದಿದ್ದ ಬಟ್ಟೆಯ ಚೀಲದಲ್ಲಿ. ನಮ್ಮ ಸಿಸ್ಟರ್ ಅದನ್ನು ಮಂಚದ ಮೇಲೆ ಸುರಿದು ಸ್ಟ್ರಿಪ್‌ಗಳನ್ನು ಒಂದೊಂದಾಗಿ ಜೋಡಿಸಿದರು. ಊರಿನ ವೈದ್ಯರು ಬರೆದದ್ದು ಟ್ರಮಡಾಲ್ 50 ಮಿಲಿಗ್ರಾಂ, ದಿನಕ್ಕೆ ಮೂರು. ಪೇಟೆಯ ಇನ್ನೊಬ್ಬರು ಬರೆದದ್ದು ಟ್ರಮಡಾಲ್ 37.5 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ, ದಿನಕ್ಕೆ ನಾಲ್ಕು. ರಾತ್ರಿ ನಿದ್ದೆಗೆಡುತ್ತದೆ ಎಂದು ಹೇಳಿದಾಗ ಔಷಧಿ ಅಂಗಡಿಯಲ್ಲಿ ಕೊಟ್ಟದ್ದು ನಿಧಾನವಾಗಿ ಕರಗುವ 100 ಮಿಲಿಗ್ರಾಂನ ಒಂದು. ನಡುರಾತ್ರಿ ತಡೆಯಲಾಗದಿದ್ದಾಗ ಮೊದಲಿನ 50ರಲ್ಲಿ ಮತ್ತೊಂದು. ಕೂಡಿಸಿದರೆ ದಿನಕ್ಕೆ 450 ಮಿಲಿಗ್ರಾಂ. ಟ್ರಮಡಾಲಿನ ಮೇಲ್ಮಿತಿ ದಿನಕ್ಕೆ 400, ವಯಸ್ಸಾದವರಲ್ಲಿ ಇನ್ನೂ ಕಡಿಮೆ ಇಡುವುದೇ ಕ್ಷೇಮ. ಇದರ ಮೇಲೆ ಮನಸ್ಸು ಕುಗ್ಗಿದೆಯೆಂದು ಯಾರೋ ಆರಂಭಿಸಿದ್ದ ಸರ್ಟ್ರಾಲಿನ್. ಟ್ರಮಡಾಲ್ ಬರೀ ನೋವಿನ ಮಾತ್ರೆಯಲ್ಲ. ಮೆದುಳಿನಲ್ಲಿ ಸಿರೊಟೋನಿನ್ ಹೆಚ್ಚಿಸುವ ಗುಣವೂ ಅದಕ್ಕಿದೆ. ಖಿನ್ನತೆಯ ಇಂಥ ಔಷಧಿಯ ಜೊತೆ ಸೇರಿದಾಗ ಫಿಟ್ಸ್ ಬರುವ ಅಪಾಯ ಏರುತ್ತದೆ.

ಯಾರೊಬ್ಬರೂ ಇಲ್ಲಿ ಕೆಟ್ಟದ್ದು ಮಾಡಲು ಹೊರಟವರಲ್ಲ. ಪ್ರತಿಯೊಬ್ಬರೂ ಕೊಟ್ಟ ಪ್ರಮಾಣ ಸರಿಯಾಗಿಯೇ ಇತ್ತು. ಕೂಡಿಸಿದವರು ಮಾತ್ರ ಯಾರೂ ಇರಲಿಲ್ಲ. ಮೂರು ಸ್ಟ್ರಿಪ್‌ಗಳ ಮೇಲೆ ಮೂರು ಕಂಪನಿಗಳ ಮೂರು ಹೆಸರು. ಒಳಗಿನ ವಸ್ತು ಒಂದೇ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಟ್ರಮಡಾಲನ್ನು 2018ರ ಏಪ್ರಿಲ್‌ನಲ್ಲೇ ಮಾದಕ ದ್ರವ್ಯ ಮತ್ತು ಮನೋಪ್ರಭಾವಕ ವಸ್ತುಗಳ ಕಾಯ್ದೆಯ ಕೆಳಗೆ ತಂದಿದ್ದಾರೆ. ಅದಕ್ಕೂ ಮೊದಲು, 2014ರಿಂದಲೇ ಅದು ಎಚ್-1 ಪಟ್ಟಿಯಲ್ಲಿದೆ. ಅಂದರೆ ಚೀಟಿ ಇಲ್ಲದೆ ಕೊಡುವಂತಿಲ್ಲ. ಬರೆದವರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟಿರಬೇಕು. ನಿಯಮ ಚೆನ್ನಾಗಿದೆ. ಆದರೆ ನೋವಿನಲ್ಲಿ ನರಳುವ ಅತ್ತೆಯನ್ನು ಮನೆಯಲ್ಲಿ ಬಿಟ್ಟು ಬಂದ ಹೆಂಗಸು ಅಂಗಡಿಯ ಮುಂದೆ ನಿಂತು ಕಣ್ಣೀರು ಹಾಕಿದಾಗ ಆ ಪುಸ್ತಕ ತೆರೆಯುವುದಿಲ್ಲ.

ಆಸ್ಪತ್ರೆಯಲ್ಲಿ ಟ್ರಮಡಾಲನ್ನು ಒಮ್ಮೆಲೇ ನಿಲ್ಲಿಸಿದರು. ಫಿಟ್ಸ್ ಬಂದ ಮೇಲೆ ಬೇರೆ ದಾರಿ ಇರಲಿಲ್ಲ. ಎರಡನೆಯ ದಿನದಿಂದ ಗೌರಮ್ಮನವರಿಗೆ ಬೆವರು, ಚಡಪಡಿಕೆ, ಆಕಳಿಕೆಯ ಮೇಲೆ ಆಕಳಿಕೆ, ಭೇದಿ, ಮೈಯೆಲ್ಲ ರೋಮಾಂಚ. ಮಾತ್ರೆ ಕೊಡಿ ಎಂದು ಅವರು ಸೊಸೆಯ ಕೈ ಹಿಡಿದು ಅಂಗಲಾಚಿದರು. "ಅಮ್ಮನಿಗೆ ಚಟ ಹತ್ತಿದೆ" ಎಂಬ ಮಾತು ಆ ವಾರ್ಡಿನಲ್ಲೇ ಹುಟ್ಟಿತು.

ಈ ಮಾತಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಟ್ರಮಡಾಲ್ ಸೇರಿದಂತೆ ಅಫೀಮು ವರ್ಗದ ಯಾವ ಔಷಧಿಯನ್ನಾದರೂ ಕೆಲವು ವಾರ ಬಿಡದೆ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದರೆ ಪ್ರತಿಭಟಿಸುತ್ತದೆ. ಇದು ದೇಹದ ಧರ್ಮ. ಚಟ ಬೇರೆಯದು: ಹಾನಿ ಕಣ್ಣಿಗೆ ಕಾಣುತ್ತಿದ್ದರೂ ನೋವಿಗಲ್ಲದೆ ಬೇರೆ ಸುಖಕ್ಕಾಗಿ ಅದರ ಹಿಂದೆ ಬೀಳುವುದು, ಅದಕ್ಕಾಗಿ ಉಳಿದೆಲ್ಲವನ್ನೂ ಬಿಡುವುದು. ಗೌರಮ್ಮನವರಿಗೆ ಇದ್ದದ್ದು ದವಡೆಯ ಮೂಳೆಯನ್ನು ತಿನ್ನುವ ನೋವು, ಮತ್ತು ಹಠಾತ್ತನೆ ನಿಂತ ಔಷಧಿ. ಆದರೂ "ಚಟ" ಎಂಬ ಶಬ್ದ ಒಮ್ಮೆ ಬಾಯಿಂದ ಬಿದ್ದ ಮೇಲೆ ಮನೆಯೊಳಗೆ ನಡೆದಾಡತೊಡಗಿತು. ಓಹಾಯೋವರೆಗೂ ಹೋಯಿತು.

ಇನ್ನೊಂದು ವಿಷಯವೂ ರಕ್ತಪರೀಕ್ಷೆಯಲ್ಲಿ ಹೊರಬಿತ್ತು. ತಿಂಗಳುಗಟ್ಟಲೆ ನುಂಗಿದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯಿಂದ ಮೂತ್ರಪಿಂಡ ಸೊರಗಿತ್ತು, ಅದನ್ನು ತೋರಿಸುವ ಕ್ರಿಯಾಟಿನಿನ್ 1.6ಕ್ಕೆ ಏರಿತ್ತು. ಯಾರೂ ಹೆದರದ, ಆ ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕಿಲ್ಲದ ಮಾತ್ರೆಯೂ ತನ್ನ ಪಾಡಿಗೆ ಹಾನಿ ಮಾಡುತ್ತಲೇ ಇತ್ತು.

ಪ್ಯಾಚ್

ಟ್ರಮಡಾಲ್ ನಿಂತ ಒಂಬತ್ತನೆಯ ದಿನ ನಾನು ಮನೆಗೆ ಹೋದೆ. ಆಷಾಢದ ಮಳೆ ಹಿಡಿದಿತ್ತು. ಆಸ್ಪತ್ರೆಯಿಂದ ಪ್ಯಾರಾಸಿಟಮಾಲ್ ಮತ್ತು ನರದ ನೋವಿಗೆ ಗಬಾಪೆಂಟಿನ್ ಮಾತ್ರ ಬರೆದು ಕಳಿಸಿದ್ದರು. ಗೌರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. "ಹದಿನಾರಾಣೆ" ಎಂದಷ್ಟೇ ಹೇಳಿದರು.

ಮಾರ್ಫಿನ್ ಕೊಡೋಣ ಎಂದೆ. ಯಜಮಾನರು ನನ್ನ ಮುಖ ನೋಡಿದರು. "ಅದು ಕೊನೆಗೆ ಕೊಡುವುದಲ್ಲವೇ?" ಎಂದು ಕೇಳಿದರು. ಮೊಬೈಲ್‌ನಲ್ಲಿ ಹಿರಿಮಗ ಇದ್ದ. ಅವನ ಉತ್ತರ ಒಂದೇ: ಮಾರ್ಫಿನ್ ಬೇಡವೇ ಬೇಡ.

ನಾನು ಅವನ ಭಯ ಏನೆಂದು ಕೇಳಲಿಲ್ಲ. ಹೊರಗೆ ಮಳೆ, ಇನ್ನೂ ಮೂರು ಮನೆಗಳ ಭೇಟಿ ಬಾಕಿ, ಒಳಗೆ ನರಳಾಟ. ಸುಲಭದ ದಾರಿ ಹುಡುಕಿದೆ. ಬಾಯಿ ತೆರೆಯಲಾಗದವರಿಗೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ, ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕು ಎಂದೆ. ಅವನು ಕೇಳಿದ: "ಅದು ಮಾರ್ಫಿನ್ ಅಲ್ಲ ತಾನೇ?" ನಾನು "ಅಲ್ಲ" ಎಂದೆ.

ಸುಳ್ಳಲ್ಲ. ಆದರೆ ಅದರ ಹೆಸರು ಫೆಂಟನಿಲ್ ಎಂದು ಹೇಳಲಿಲ್ಲ. ಹೇಳಿದರೆ ಅವನು ಒಪ್ಪುವುದಿಲ್ಲವೆಂದು ನನಗೆ ಒಳಗೆಲ್ಲೋ ಗೊತ್ತಿತ್ತು. ಟ್ರಮಡಾಲ್, ಕೋಡೀನ್, ಮಾರ್ಫಿನ್, ಫೆಂಟನಿಲ್, ಬ್ಯುಪ್ರೆನಾರ್ಫಿನ್ ಎಲ್ಲಕ್ಕೂ ಹೆಸರು ಬೇರೆ, ಗೋತ್ರ ಒಂದೇ. ಆ ಗೋತ್ರದಲ್ಲಿ ಅತ್ಯಂತ ಪ್ರಬಲವಾದವುಗಳಲ್ಲಿ ಒಂದನ್ನು, ಎಲ್ಲಕ್ಕಿಂತ ಹೆಚ್ಚು ತಿಳಿಸಿ ಹೇಳಬೇಕಾದದ್ದನ್ನು, ನಾನು ಏನನ್ನೂ ತಿಳಿಸದೆ ಕೊಟ್ಟೆ.

ಲೆಕ್ಕದಲ್ಲೂ ತಪ್ಪಿದೆ. ಮೂತ್ರಪಿಂಡ ಸೊರಗಿದವರಿಗೆ ಫೆಂಟನಿಲ್ ಮಾರ್ಫಿನ್‌ಗಿಂತ ಒಳ್ಳೆಯದು. ಆ ಆಯ್ಕೆಯಲ್ಲಿ ದೋಷವಿರಲಿಲ್ಲ. ಆದರೆ ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಪ್ಯಾಚ್ ದಿನಕ್ಕೆ ಸುಮಾರು 60 ಮಿಲಿಗ್ರಾಂ ಬಾಯಿ ಮಾರ್ಫಿನ್‌ಗೆ ಸಮ. ಅಷ್ಟು ಪ್ರಮಾಣಕ್ಕೆ ವಾರವಾದರೂ ಒಗ್ಗಿಕೊಂಡ ದೇಹಕ್ಕೆ ಮಾತ್ರ ಅದನ್ನು ಹಾಕಬೇಕು. ಗೌರಮ್ಮ ದಿನಕ್ಕೆ 450 ಮಿಲಿಗ್ರಾಂ ಟ್ರಮಡಾಲ್ ತೆಗೆದುಕೊಂಡವರು ಎಂದು ಮನಸ್ಸಿನಲ್ಲೇ ಗುಣಿಸಿಕೊಂಡೆ. ಅದೂ ಸುಮಾರು 45 ಮಿಲಿಗ್ರಾಂ ಮಾರ್ಫಿನ್‌ನಷ್ಟೇ. ಅದಕ್ಕಿಂತ ಮುಖ್ಯವಾಗಿ, ಅದು ನಿಂತು ಒಂಬತ್ತು ದಿನವಾಗಿತ್ತು. ಒಗ್ಗಿಕೊಂಡ ದೇಹ ಅಷ್ಟರಲ್ಲಿ ಮರೆತೂ ಬಿಡುತ್ತದೆ. 12ರ ಸಣ್ಣ ಪ್ಯಾಚ್ ನಮ್ಮಲ್ಲಿ ಮುಗಿದಿತ್ತು, ಇದ್ದದ್ದು 25. ಇದ್ದದ್ದನ್ನೇ ಅಂಟಿಸಿದೆ.

ಮೂರನೆಯ ಲೋಪ ನಾನು ಕೇಳದೆ ಬಿಟ್ಟದ್ದು. ನಿದ್ದೆಗೆಂದು ಊರಿನಲ್ಲಿ ಕೊಟ್ಟಿದ್ದ ಆಲ್‌ಪ್ರಜೋಲಾಂ ರಾತ್ರಿ ಮಾತ್ರೆಗಳ ನಡುವೆ ಇನ್ನೂ ಇತ್ತು. ಅದೂ ಉಸಿರನ್ನು ಮಂದಗೊಳಿಸುವ ಔಷಧಿಯೇ. ಗಬಾಪೆಂಟಿನ್ ಕೂಡ ಸ್ವಲ್ಪ ಹಾಗೆಯೇ.

ಪ್ಯಾಚಿನ ಔಷಧಿ ರಕ್ತಕ್ಕೆ ಏರುವುದು ನಿಧಾನ. ಮೊದಲ ರಾತ್ರಿ ನೋವು ಹಾಗೇ ಇತ್ತು. ಎರಡನೆಯ ದಿನ ಸಂಜೆ ಹತ್ತಾಣೆಗೆ ಇಳಿಯಿತು; ಮನೆಯಲ್ಲಿ ಸಮಾಧಾನವಾಯಿತು. ಮಳೆಯ ಚಳಿಗೆ ಸೊಸೆ ಬಚ್ಚಲೊಲೆಯ ಬಿಸಿನೀರನ್ನು ರಬ್ಬರ್ ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ, ಅತ್ತೆಯ ಭುಜದ ಮೇಲಿಟ್ಟು ಕಂಬಳಿ ಹೊದಿಸಿದಳು. ಪ್ಯಾಚ್ ಇದ್ದದ್ದು ಅದೇ ಭುಜದ ಮೇಲೆ. ಶಾಖ ತಗಲಿದ ಚರ್ಮ ಪ್ಯಾಚಿನಿಂದ ಔಷಧಿಯನ್ನು ಬೇಗಬೇಗ ಹೀರುತ್ತದೆ ಎಂದು ಅವಳಿಗೆ ಹೇಳಬೇಕಾದವನು ನಾನು. ಹೇಳಿರಲಿಲ್ಲ.

ಬೆಳಗಿನ ಐದಕ್ಕೆ ಕಿರಿಮಗ ಫೋನ್ ಮಾಡಿದ. ಅಮ್ಮ ಗೊರಕೆ ಹೊಡೆಯುತ್ತಿದ್ದಾರೆ, ಎಷ್ಟು ಅಲ್ಲಾಡಿಸಿದರೂ ಏಳುತ್ತಿಲ್ಲ. ಪ್ಯಾಚ್ ಕಿತ್ತು ತಾಲ್ಲೂಕು ಆಸ್ಪತ್ರೆಗೆ ಕರೆತರಲು ಹೇಳಿ ನಾನೂ ಹೊರಟೆ. ಉಸಿರು ನಿಮಿಷಕ್ಕೆ ಆರು. ಕಣ್ಣಪಾಪೆ ಸೂಜಿಮೊನೆಯಷ್ಟು. ಅಲ್ಲಿ ಅಫೀಮು ವರ್ಗದ ಔಷಧಿಯ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಇತ್ತು. ಒಂದು ಆಂಪೂಲನ್ನು ಹತ್ತು ಮಿಲಿಲೀಟರಿಗೆ ತೆಳುಮಾಡಿ, ಇಷ್ಟಿಷ್ಟೇ ಕೊಟ್ಟೆವು. ಒಮ್ಮೆಲೇ ಕೊಟ್ಟರೆ ಹದಿನಾರಾಣೆ ನೋವು ಒಂದೇ ಏಟಿಗೆ ಮರಳುತ್ತದೆ. ಕೆಲವು ನಿಮಿಷಗಳಲ್ಲಿ ಅವರು ಕಣ್ಣು ತೆರೆದರು. ಸೊಸೆ ನೆಲದ ಮೇಲೆ ಕುಳಿತು ಅತ್ತಳು.

ಮುಕ್ಕಾಲು ಗಂಟೆಯಲ್ಲಿ ಗೌರಮ್ಮ ಮತ್ತೆ ಮುಳುಗತೊಡಗಿದರು. ನಲೋಕ್ಸೋನ್ ಕೆಲಸ ಮಾಡುವುದು ಒಂದು, ಒಂದೂವರೆ ಗಂಟೆ ಮಾತ್ರ, ಕೆಲವೊಮ್ಮೆ ಇನ್ನೂ ಕಡಿಮೆ. ಪ್ಯಾಚ್ ತೆಗೆದರೂ ಚರ್ಮದ ಕೆಳಗೆ ಕೂಡಿದ್ದ ಫೆಂಟನಿಲ್ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅದು ಅರ್ಧಕ್ಕೆ ಬರಲು ಹದಿನೇಳು ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ಎಚ್ಚರವಾದರು, ಇನ್ನು ಮನೆಗೆ ಕರೆದೊಯ್ಯುತ್ತೇವೆ ಎಂದು ಕಿರಿಮಗ ಆಗಲೇ ಗಾಡಿ ತಿರುಗಿಸಿ ನಿಲ್ಲಿಸಿದ್ದ. ಕಳಿಸಿದ್ದರೆ ದಾರಿಯಲ್ಲೇ ಉಸಿರು ನಿಲ್ಲುತ್ತಿತ್ತು. ಜಿಲ್ಲಾ ಆಸ್ಪತ್ರೆಗೆ ಸೇರಿಸಿ ಡ್ರಿಪ್‌ನಲ್ಲಿ ನಲೋಕ್ಸೋನ್ ಹರಿಸಿ ಒಂದೂವರೆ ದಿನ ಕಾದೆವು.

ಅಂದು ಮಧ್ಯಾಹ್ನ ಹಿರಿಮಗ ವಿಡಿಯೋದಲ್ಲಿ ಪ್ಯಾಚಿನ ಕವರ್ ತೋರಿಸಲು ತಮ್ಮನಿಗೆ ಹೇಳಿದ. ಹೆಸರು ಓದಿದ. ಬಹಳ ಹೊತ್ತು ಮಾತಾಡಲಿಲ್ಲ. ಮೂರನೆಯ ದಿನ ಅವನು ಊರಿನಲ್ಲಿದ್ದ.

ಓಹಾಯೋದ ಭಯ

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ನನ್ನೆದುರು ಕುಳಿತು ಕೇಳಿದ್ದು ಒಂದೇ ಪ್ರಶ್ನೆ: "ಹೆಸರು ಯಾಕೆ ಹೇಳಲಿಲ್ಲ, ಡಾಕ್ಟರೇ?" ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಲೆಕ್ಕ ತಪ್ಪಿದ್ದು, ಆಲ್‌ಪ್ರಜೋಲಾಂ ಕೇಳದೆ ಬಿಟ್ಟದ್ದು, ಶಾಖದ ಮಾತು ಹೇಳದ್ದು, ಎಲ್ಲವನ್ನೂ. ಬರೆದುಕೊಟ್ಟೆ ಕೂಡ.

ಆಮೇಲೆ ಅವನು ತನ್ನ ಬೀದಿಯ ಕಥೆ ಹೇಳಿದ. ಪಕ್ಕದ ಮನೆಯ ಹುಡುಗ, ಹತ್ತೊಂಬತ್ತು ವರ್ಷ. ಯಾರೋ ಕೊಟ್ಟ ಒಂದು ಮಾತ್ರೆ ನುಂಗಿ ಮಲಗಿದವನು ಏಳಲಿಲ್ಲ. ಮಾತ್ರೆಯಲ್ಲಿ ಕಳ್ಳ ಫೆಂಟನಿಲ್ ಬೆರೆತಿತ್ತು. ಅಲ್ಲಿ ಇದು ಹೇಗೆ ಶುರುವಾಯಿತು ಎಂಬುದೂ ಅವನಿಗೆ ಗೊತ್ತಿತ್ತು. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಆಕ್ಸಿಕೋಡೋನ್ ಮಾತ್ರೆ ಬಂದಾಗ ಚಟ ಹತ್ತುವ ಸಂಭವ ಕಡಿಮೆ ಎಂದು ಹೇಳಿ ವೈದ್ಯರಿಗೆ ಮಾರಿದರು; ಬೆನ್ನುನೋವು, ಮಂಡಿನೋವುಗಳಿಗೂ ತಿಂಗಳುಗಟ್ಟಲೆ ಬರೆದರು. ಆ ಮಾರಾಟದ ಮಾತು ದಾರಿ ತಪ್ಪಿಸುವಂಥದ್ದೆಂದು, ಆ ಮಾತ್ರೆ ಮಾರಿದ ಪರ್ಡ್ಯೂ ಸಮೂಹದ ಕಂಪನಿಯೇ 2007ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡಿತು. ಮಾತ್ರೆಯಿಂದ ಹೆರಾಯಿನ್, ಹೆರಾಯಿನ್‌ನಿಂದ ಕಳ್ಳ ಫೆಂಟನಿಲ್ ಎಂದು ಸಾವು ಒಂದೊಂದೇ ಮೆಟ್ಟಿಲು ಏರಿತು. 2023ರಿಂದ ಅಲ್ಲಿ ನಲೋಕ್ಸೋನ್ ಮೂಗಿನ ಸ್ಪ್ರೇ ಚೀಟಿ ಇಲ್ಲದೆ ಸಿಗುತ್ತದೆ. ತನ್ನ ಕಾರಿನಲ್ಲಿ ಒಂದು ಯಾವಾಗಲೂ ಇರುತ್ತದೆ ಎಂದ. ಅಂಥವನಿಗೆ ನಾನು "ಮಾರ್ಫಿನ್ ಅಲ್ಲ" ಎಂದು ಹೇಳಿದ್ದೆ.

ನನ್ನ ಕಡೆಯ ಕಥೆಯನ್ನೂ ಹೇಳಿದೆ. ಮಾರ್ಫಿನ್ ಸಿಗುವ ಅಫೀಮಿನ ಗಿಡವನ್ನು ಸರ್ಕಾರದ ಪರವಾನಗಿಯಲ್ಲಿ ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಬೆಳೆ. ನೀಮಚ್, ಗಾಜಿಪುರಗಳಲ್ಲಿ ಸರ್ಕಾರಿ ಕಾರ್ಖಾನೆ. ಆದರೆ 1985ರ ಮಾದಕ ದ್ರವ್ಯ ಕಾಯ್ದೆಯ ಪರವಾನಗಿಗಳ ಸರಪಳಿಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ತಲೆಮಾರಿನ ವೈದ್ಯರು ಮಾರ್ಫಿನ್ ಮಾತ್ರೆಯನ್ನು ಕೈಯಲ್ಲಿ ಹಿಡಿಯದೆಯೇ ಓದು ಮುಗಿಸಿದರು. 2014ರ ತಿದ್ದುಪಡಿ ಮಾರ್ಫಿನ್, ಫೆಂಟನಿಲ್, ಕೋಡೀನ್ ಮುಂತಾದವನ್ನು ಅಗತ್ಯ ಮಾದಕ ಔಷಧಿಗಳೆಂದು ಬೇರೆ ಮಾಡಿ, ಮಾನ್ಯತೆ ಪಡೆದ ಸಂಸ್ಥೆಗಳು ಒಂದೇ ಅನುಮತಿಯಲ್ಲಿ ಇಟ್ಟುಕೊಳ್ಳಬಹುದು ಎಂದಿತು. ನಮ್ಮ ಘಟಕದಲ್ಲಿ ಮಾರ್ಫಿನ್ ಇರುವುದು ಆ ಬದಲಾವಣೆಯಿಂದ. ಅವನ ಊರಿನಲ್ಲಿ ಅತಿಯಾಗಿ ಕೊಟ್ಟು ಕೊಂದರು; ಈ ಕಡೆ ಕೊಡದೆ ನರಳಿಸಿದೆವು. ಎರಡೂ ನಿಜ, ಅವನ ಭಯವೂ ನಿಜ.

ಒಳಗಿನ ಕೋಣೆಯಿಂದ ಗೌರಮ್ಮ ನರಳುವುದು ಕೇಳುತ್ತಿತ್ತು. ಅಲ್ಲಿಯವರೆಗೆ ಸುಮ್ಮನಿದ್ದ ಯಜಮಾನರು ಮಾತಾಡಿದರು. "ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ತಪ್ಪಿದರೆ ಗೊನೆ ಸುಡುತ್ತದೆ. ಹೆದರಿ ಹೊಡೆಯದೆ ಬಿಟ್ಟರೆ ಕೊಳೆ ಬಂದು ತೋಟವೇ ಹೋಗುತ್ತದೆ. ನಾನು ಐವತ್ತು ವರ್ಷ ಹೊಡೆಸಿದ್ದೇನೆ. ಅಳತೆಯ ಪುಸ್ತಕ ನಾನು ಇಡುತ್ತೇನೆ, ನೀವು ಅಳತೆ ಹೇಳಿ."

ಲೆಕ್ಕದ ಪುಸ್ತಕ

ಅದು ಅಡಿಕೆಯ ಲೆಕ್ಕದ ಪುಸ್ತಕವೇ. ಎಡಪುಟದಲ್ಲಿ ಕೂಲಿ, ಮೈಲುತುತ್ತ, ಔಷಧಿ ಹೊಡೆದ ದಿನ. ಬಲಪುಟವನ್ನು ಹೆಂಡತಿಗೆ ಬಿಟ್ಟರು. ಗಂಟೆ, ಮಾತ್ರೆ, ನೋವು ಎಷ್ಟಾಣೆ, ಹೊರಕಡೆ ಆಯಿತೇ, ಉಳಿದ ಮಾತ್ರೆ ಎಷ್ಟು. ಹಿರಿಮಗ ಇನ್ನೆರಡು ಕಾಲಂ ಸೇರಿಸಿದ: ಕರೆದರೆ ಏಳುತ್ತಾರೆಯೇ, ನಿಮಿಷಕ್ಕೆ ಉಸಿರು ಎಷ್ಟು. ಉಸಿರು ಕುಸಿಯುವ ಮೊದಲು ಸಾಮಾನ್ಯವಾಗಿ ಮಂಪರು ಬರುತ್ತದೆ, ಆದ್ದರಿಂದ ಮೊದಲಿನ ಕಾಲಂ ಎರಡನೆಯದಕ್ಕಿಂತ ಮುಖ್ಯ ಎಂದು ಅವನಿಗೆ ಹೇಳಿದೆ.

ಮಾರ್ಫಿನ್ ಶುರುಮಾಡಿದೆವು: 10 ಮಿಲಿಗ್ರಾಂ ಮಾತ್ರೆಯ ಕಾಲುಭಾಗ, ಅಂದರೆ 2.5, ಪುಡಿಮಾಡಿ ನೀರಿನಲ್ಲಿ ಕಲಸಿ ಆರು ಗಂಟೆಗೊಮ್ಮೆ. ಮೂತ್ರಪಿಂಡ ಸರಿಯಿದ್ದವರಿಗೆ ನಾಲ್ಕು ಗಂಟೆಗೊಮ್ಮೆ ಕೊಡುತ್ತೇವೆ. ಇಲ್ಲಿ ಮಾರ್ಫಿನ್‌ನಿಂದ ಹುಟ್ಟುವ ವಸ್ತುಗಳು ದೇಹದಲ್ಲಿ ಉಳಿದು ಕೂಡುವ ಭಯವಿತ್ತು. ಆಲ್‌ಪ್ರಜೋಲಾಂ ದಿನವೂ ಇಷ್ಟಿಷ್ಟೇ ಇಳಿಸಿ ನಿಲ್ಲಿಸಿದೆವು. ಡೈಕ್ಲೋಫೆನಾಕ್ ಆಗಲೇ ನಿಂತಿತ್ತು. ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧಿ. ವಾಕರಿಕೆ ಒಂದು ವಾರದಲ್ಲಿ ಹೋಗುತ್ತದೆ, ಮಂಪರೂ ಕಡಿಮೆಯಾಗುತ್ತದೆ, ಆದರೆ ಮಲಬದ್ಧತೆಗೆ ಮಾತ್ರ ದೇಹ ಎಂದೂ ಒಗ್ಗುವುದಿಲ್ಲ. ಅದನ್ನು ಗಮನಿಸದೆ ಬಿಟ್ಟರೆ ಹೊಟ್ಟೆನೋವಿಗೇ ಹೆದರಿ ರೋಗಿ ಮಾರ್ಫಿನ್ ನಿಲ್ಲಿಸಿಬಿಡುತ್ತಾನೆ. ಹೀಗೆ ಕೆಟ್ಟ ಚಿಕಿತ್ಸೆಗಳನ್ನು ನಾನು ಎಷ್ಟೋ ಕಂಡಿದ್ದೇನೆ.

ಮೂರನೆಯ ದಿನ ಹನ್ನೆರಡಾಣೆ. ಐದನೆಯ ದಿನ ಪ್ರಮಾಣವನ್ನು 5 ಮಿಲಿಗ್ರಾಂಗೆ ಏರಿಸಿದ ಮೇಲೆ ಎಂಟಾಣೆ. ಎರಡನೆಯ ವಾರ ನಾಲ್ಕಾಣೆ ಎಂದು ಬರೆದು ಯಜಮಾನರು ಅದರ ಕೆಳಗೆ ಗೆರೆ ಎಳೆದಿದ್ದರು. ಅಂದು ಗೌರಮ್ಮ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಪತ್ರೊಡೆಗೆ ಕೆಸುವಿನ ಎಲೆ ಹೇಗೆ ಸುತ್ತಬೇಕೆಂದು ಸೊಸೆಗೆ ಹೇಳಿಕೊಟ್ಟರಂತೆ. ತಿಂಗಳಲ್ಲಿ ಕ್ರಿಯಾಟಿನಿನ್ 1.1ಕ್ಕೆ ಇಳಿಯಿತು. ನಾಲ್ಕು ಗಂಟೆಯ ಅಂತರಕ್ಕೆ ಬಂದೆವು. ರಾತ್ರಿ ಮಲಗುವಾಗ ಎರಡು ಪಾಲು ಒಟ್ಟಿಗೆ ಕೊಟ್ಟು ನಡುರಾತ್ರಿಯ ಪಾಲನ್ನು ಬಿಟ್ಟೆವು. ಮನೆಯವರೂ ನಿದ್ದೆ ಮಾಡಿದರು.

ಹಿರಿಮಗ ಐದು ವಾರ ಇದ್ದು ಹೋದ. ಹೋಗುವ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ನಲೋಕ್ಸೋನ್ ಆಂಪೂಲ್ ಎಷ್ಟಿವೆ ಎಂದು ಕೇಳಿ ಬಂದಿದ್ದ. ಮನೆಯಲ್ಲಿ ಇಡುವಂಥ ಸ್ಪ್ರೇ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ ಎಂದು ಅವನಿಗೆ ಬೇಸರವಾಯಿತು. ನನಗೂ ಆಗುತ್ತದೆ.

ನಾಲ್ಕು ಮಾತ್ರೆ

ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಒಂದು ಭೇಟಿಯಲ್ಲಿ ಲೆಕ್ಕ ಕೂಡಲಿಲ್ಲ. ಪುಸ್ತಕದ ಪ್ರಕಾರ ಇರಬೇಕಾದದ್ದಕ್ಕಿಂತ ನಾಲ್ಕು ಮಾತ್ರೆ ಕಡಿಮೆ. ಯಜಮಾನರು ಎರಡು ಸಲ ಎಣಿಸಿದರು. ಸೊಸೆ ತಲೆತಗ್ಗಿಸಿ ಹೇಳಿದಳು: ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬೆನ್ನು ಹಿಡಿದುಕೊಂಡು ಜಗಲಿಯ ಮೇಲೆ ಕುಳಿತಿದ್ದ, ಅತ್ತೆಗೆ ಇಷ್ಟು ಒಳ್ಳೆಯದಾದ ಮಾತ್ರೆಯಲ್ಲವೇ ಎಂದು ಕೊಟ್ಟೆ.

ಗೌರಮ್ಮನವರ ಅರ್ಧ ಮಾತ್ರೆಯಲ್ಲ. ಇಡೀ ಮಾತ್ರೆ, ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ, ಎರಡು ದಿನಕ್ಕೆಂದು. ಎಂದೂ ಮಾರ್ಫಿನ್ ಕಾಣದ ದೇಹ, ಮೇಲೆ ನಲವತ್ತು ಅಡಿ ಎತ್ತರದ ಅಡಿಕೆ ಮರ. ಆ ದಿನ ತಲೆ ತಿರುಗಿ ವಾಂತಿಯಾಗಿ ಅವನು ಮರ ಹತ್ತದೆ ಮನೆಗೆ ಹೋದ. ಹತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಇಂದಿಗೂ ನನಗೆ ಆಗುವುದಿಲ್ಲ.

ಸೊಸೆಯನ್ನು ಬೈಯಬೇಡಿ ಎಂದು ನಾನೇ ಹೇಳಿದೆ. ಕೊಟ್ಟದ್ದು ಕರುಣೆಯಿಂದ. ಒಬ್ಬರಿಗೆ ಅಳೆದ ಔಷಧಿ ಇನ್ನೊಬ್ಬರಿಗೆ ವಿಷವಾಗಬಹುದು ಎಂಬುದನ್ನು ನಾನು ಅವಳಿಗೆ ಸರಿಯಾಗಿ ಹೇಳಿಯೇ ಇರಲಿಲ್ಲ. ಅಂದಿನಿಂದ ಮಾತ್ರೆಗಳು ದೇವರ ಕೋಣೆಯ ಪಕ್ಕದ ಕಬ್ಬಿಣದ ಟ್ರಂಕಿಗೆ ಹೋದವು. ಕೀಲಿ ಯಜಮಾನರ ಜನಿವಾರದಲ್ಲಿ.

ಅಂತ್ಯ

ಡಿಸೆಂಬರ್ ಮೊದಲ ವಾರದಲ್ಲಿ ಗೌರಮ್ಮ ನೀರನ್ನೂ ಸರಿಯಾಗಿ ಕುಡಿಯಲಾಗದ ಸ್ಥಿತಿಗೆ ಬಂದರು. ಕೈಕಾಲುಗಳಲ್ಲಿ ಸಣ್ಣ ಸೆಳೆತ ಕಾಣಿಸಿತು. ಪುಸ್ತಕದಲ್ಲಿ "ಕೈ ಹಾರುತ್ತದೆ" ಎಂದು ಬರೆದದ್ದನ್ನು ಓದಿ, ಮಾರ್ಫಿನ್ ದೇಹದಲ್ಲಿ ಕೂಡುತ್ತಿದೆ ಎಂದು ತಿಳಿದು ಪ್ರಮಾಣ ಇಳಿಸಿದೆವು. ಸೆಳೆತ ನಿಂತಿತು, ನೋವು ಆರಾಣೆ ದಾಟಲಿಲ್ಲ. ಹಿರಿಮಗ ಮತ್ತೆ ಬಂದಿದ್ದ. ಮಾರ್ಫಿನ್ ಶುರುವಾಗಿ ನಾಲ್ಕೂವರೆ ತಿಂಗಳಿಗೆ, ಮನೆಯಲ್ಲೇ, ಮಗನ ಕೈಯಿಂದ ತುಳಸಿನೀರು ತೆಗೆದುಕೊಂಡು ಅವರು ಹೋದರು. "ಕೊನೆಗೆ ಕೊಡುವುದು" ಎಂದು ಯಜಮಾನರು ಹೆದರಿದ್ದ ಔಷಧಿಯ ಮೇಲೆ ಅವರು ಕಳೆದ ದಿನಗಳು ಅವು.

ಈ ಪ್ರಕರಣದಿಂದ ನಮ್ಮ ಘಟಕದಲ್ಲಿ ಬದಲಾದದ್ದು ಹೀಗೆ. ಮೊದಲ ಭೇಟಿಯಲ್ಲಿ ಮನೆಯ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತರಿಸಿ ಸುರಿಯುತ್ತೇವೆ, ಕಂಪನಿಯ ಹೆಸರು ಬಿಟ್ಟು ಒಳಗಿನ ವಸ್ತುವಿನ ಹೆಸರಿನಲ್ಲಿ ಕೂಡಿಸುತ್ತೇವೆ. ನಿದ್ದೆ ಮಾತ್ರೆ ಇದೆಯೇ, ಮದ್ಯದ ಅಭ್ಯಾಸ ಇದೆಯೇ ಎಂದು ಕೇಳದೆ ಅಫೀಮು ವರ್ಗದ ಯಾವುದನ್ನೂ ಬರೆಯುವುದಿಲ್ಲ. ಕಳೆದ ವಾರ ನಿಜಕ್ಕೂ ಎಷ್ಟು ಹೊಟ್ಟೆಗೆ ಹೋಗಿದೆ ಎಂಬುದು ಲೆಕ್ಕ. ಕಳೆದ ತಿಂಗಳಿನದು ಲೆಕ್ಕಕ್ಕಿಲ್ಲ. 12ರ ಪ್ಯಾಚ್ ಇಲ್ಲದಿದ್ದರೆ ಪ್ಯಾಚೇ ಇಲ್ಲ. ಔಷಧಿಯ ಹೆಸರನ್ನು ಮನೆಯವರ ಮುಂದೆ ಗಟ್ಟಿಯಾಗಿ ಹೇಳುತ್ತೇವೆ, ದೂರದ ಊರಿನಲ್ಲಿ ಇರುವವರಿಗೂ. ಅವರು ಬೇಡ ಎಂದರೆ ಯಾಕೆ ಎಂದು ಕೇಳಿ ಪೂರ್ತಿ ಕೇಳಿಸಿಕೊಳ್ಳುತ್ತೇವೆ. ಇದಕ್ಕೆ ಒಂದು ಭೇಟಿ ಹೆಚ್ಚು ಬೇಕಾಗುತ್ತದೆ. ಮಳೆಯಿದ್ದರೂ ಹೋಗುತ್ತೇವೆ.

ವೈಕುಂಠ ಸಮಾರಾಧನೆ ಮುಗಿದ ವಾರ ಯಜಮಾನರು ಪುಸ್ತಕ ಹಿಡಿದು ಘಟಕಕ್ಕೆ ಬಂದರು. ಉಳಿದದ್ದು 23 ಮಾತ್ರೆ, ಪುಸ್ತಕದಲ್ಲೂ 23. ಎಣಿಸಿ ನಮ್ಮ ದಾಖಲೆಗೆ ಬರೆದು, ಅವರ ಪುಟದ ಕೆಳಗೆ ನಾನು ಸಹಿ ಹಾಕಿದೆ.

ಮಾಘದಲ್ಲಿ ಒಂದು ಬೆಳಿಗ್ಗೆ ಕೊನೆಗೌಡ ಬಂದ. ಬೆನ್ನುನೋವು ಇನ್ನೂ ಇತ್ತು. ಕೈಯಲ್ಲಿ ಬಟ್ಟೆಯ ಚೀಲ. ನಾನು ಕೇಳುವ ಮೊದಲೇ ಅದನ್ನು ಮೇಜಿನ ಮೇಲೆ ಸುರಿದ: ಎರಡು ಬಗೆಯ ಟ್ರಮಡಾಲ್, ಡೈಕ್ಲೋಫೆನಾಕ್, ಅರ್ಧ ಸ್ಟ್ರಿಪ್ ಆಲ್‌ಪ್ರಜೋಲಾಂ. ಜೇಬಿನಿಂದ ಮಡಚಿದ ಹಾಳೆ ತೆಗೆದ. ಅಡಿಕೆ ಪುಸ್ತಕದಿಂದ ಹರಿದ ಹಾಳೆ, ಯಜಮಾನರ ಅಕ್ಷರ. ಯಾವ ಮಾತ್ರೆ, ಯಾರು ಕೊಟ್ಟದ್ದು, ದಿನಕ್ಕೆ ಎಷ್ಟು, ಎಂದಿನಿಂದ. ಕೊನೆಯ ಕಾಲಂನಲ್ಲಿ: ಬೆಳಿಗ್ಗೆ ಏಳಾಣೆ, ಮರ ಇಳಿದ ಮೇಲೆ ಹನ್ನೊಂದಾಣೆ.